ಕಮಲಾಪುರದ ಕೆರೆಯಲ್ಲಿ ಕೊಕ್ಕರೆ ಎಣಿಸಿದವನು

ಕಮಲಾಪುರದ ಕಡೆ ಯಾರಾದರೂ ಬಾಯಿಗೆ ಬಂದ ಲೆಕ್ಕ ಹೇಳಿದರೆ ಪಕ್ಕದವನು ಈಗಲೂ ಅನ್ನುತ್ತಾನಂತೆ: "ಸಾಕ್ ಬಿಡೋ, ಮಲ್ಕಪ್ಪನ ಕೊಕ್ಕರಿ ಎಣಿಸಬ್ಯಾಡ." ಮೊನ್ನೆ ಕಲಬುರಗಿಯ ರೋಜಾ ಮೊಹಲ್ಲಾದ ಹತ್ತಿರ ಮೈಬೂಬನ ಟಾಂಗಾದಲ್ಲಿ ಕೂತಿದ್ದಾಗ ಇಬ್ಬರು ಬಾಳೆಹಣ್ಣಿನ ವ್ಯಾಪಾರಿಗಳ ಬಾಯಿಂದ ಆ ಮಾತು ನನ್ನ ಕಿವಿಗೇ ಬಿತ್ತು. ಬೆಂಕಿ ಬಿದ್ದಂತೆ ಮೈಯೆಲ್ಲ ಉರಿಯಿತು. ಮಲ್ಕಪ್ಪ ಯಾರು, ಎಣಿಸಿದ್ದೇನು, ಯಾತಕ್ಕೆ, ಆ ಇಬ್ಬರಿಗೆ ಒಂದೂ ಗೊತ್ತಿರಲಿಲ್ಲ. "ನಿಮ್ಮ ನಾಲಿಗೆ ಸೇದಿಹೋಗಲಿ" ಅನ್ನುವುದು ತುಟಿಯ ತನಕ ಬಂದಿತ್ತು. ಅನ್ನಲಿಲ್ಲ. ಹೇಳಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಕೂಡುವುದು ನನ್ನ ಹಳೆಯ ರೋಗ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಗೋಪಾಲರಾವ, ಕಲಬುರಗಿಯ ಬ್ರಹ್ಮಪುರದವನು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ದಫ್ತರಿನಲ್ಲಿ ಉರ್ದು. ನಿಜಾಮ ಸರಕಾರದ ಕೆರೆಕಟ್ಟೆಗಳನ್ನು ನೋಡಿಕೊಳ್ಳುವ ಒಂದು ದಫ್ತರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮುನ್ಶಿಯಾಗಿದ್ದೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇದೆಯೆಂದು ಮೇಲಿನವರು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ನಾನು ತಲೆಯ ಮೇಲೆ ಹೊತ್ತುಕೊಂಡು ತಿರುಗಿದೆ, ಮೂರ್ಖ.

ನಿಜಾಮ ಸರಕಾರದ ಲೆಕ್ಕದ ಸಾವಿರದ ಮುನ್ನೂರ ಇಪ್ಪತ್ತನೆಯ ಫಸಲಿ ವರ್ಷ, ಇಂಗ್ಲಿಷ್ ಲೆಕ್ಕಕ್ಕೆ ಸಾವಿರದ ಒಂಬೈನೂರ ಹನ್ನೊಂದು. ನಮ್ಮ ದಫ್ತರಿಗೆ ಜಹೀರುದ್ದೀನ್ ಸಾಹೇಬರೆಂಬ ಇಂಜಿನಿಯರು ಬಂದರು. ಮನುಷ್ಯ ಸಾಧು, ಆದರೆ ಹಕ್ಕಿಗಳ ಹುಚ್ಚು ಹಿಡಿದಿತ್ತು. ಕಮಲಾಪುರದ ಕೆರೆಯ ತೂಬು ನೋಡಲು ಹೋದವರು ತೂಬನ್ನು ಮರೆತು ಬಂದರು. ಆ ಕೆರೆಯ ನಡುನೀರಿನಲ್ಲಿ ಅರವತ್ತೆಪ್ಪತ್ತು ಜಾಲಿಮರಗಳಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬಂದು ಆ ಮರಗಳ ತುಂಬ ಗೂಡು ಕಟ್ಟುತ್ತಿದ್ದವು. ಮರ ಕಡಿದು ಇದ್ದಲಿ ಸುಡಲು ಒಬ್ಬ ಗುತ್ತೇದಾರ ಆಗಲೇ ಅರ್ಜಿ ಹಾಕಿದ್ದ. ಸಾಹೇಬರು ಆ ಅರ್ಜಿಯನ್ನು ಬದಿಗೆ ತಳ್ಳಿ ಒಂದು ಹುಕುಂ ಬರೆಸಿದರು. ಬರೆದವನು ನಾನೇ: ಈ ಜಾಲಿಗಳಿಂದ ವರ್ಷವರ್ಷವೂ ಕೊಕ್ಕರೆಯ ಮರಿಗಳು ಹಾರುತ್ತಿವೆಯೆಂದು ಎಣಿಕೆಯಿಂದ ಸಿದ್ಧವಾಗುತ್ತಿರುವ ತನಕ ಒಂದು ಟೊಂಗೆಯನ್ನೂ ಕಡಿಯತಕ್ಕದ್ದಲ್ಲ. ಇಪ್ಪತ್ತು ವರ್ಷ ಬಿಡದೆ ಎಣಿಸಿದರೆ ಮಾತ್ರ ಮಳೆಗೂ ಹಕ್ಕಿಗೂ ಇರುವ ನಂಟು ತಿಳಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಆದರೆ ಹುಕುಮಿನ ಪ್ರಕಾರ ಎಣಿಕೆ ಸುಳ್ಳಾದ ದಿನ ಮರಗಳೂ ಹೋದಂತೆಯೇ.

ಎಣಿಸಲು ಸಿಕ್ಕವನು ಕೆರೆ ಕಾಯುವ ಮಲ್ಕಪ್ಪ. ಕಬ್ಬಲಿಗರವನು, ಆಗ ಮೂವತ್ತರ ಆಸುಪಾಸು. ಕುಳ್ಳ, ಕಪ್ಪು, ಮಾತು ಕಡಿಮೆ. ಓದು ಬರಹ ಇಲ್ಲ. ಸಾಹೇಬರು ಅವನಿಗೆ ಅಂಗೈಯಗಲದ ಒಂದು ಕನ್ನಡಿ ಕೊಟ್ಟರು. ಅವನು ಅದನ್ನು ಉದ್ದನೆಯ ಬಿದಿರಿನ ತುದಿಗೆ ಓರೆಯಾಗಿ ಕಟ್ಟಿ, ಹರಗೋಲಿನಲ್ಲಿ ನಿಂತು, ಗೂಡಿನ ಮೇಲೆ ಹಿಡಿದು ಒಳಗೆ ಏನಿದೆಯೆಂದು ಕೆಳಗಿನಿಂದಲೇ ನೋಡುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂದು ಮೊಟ್ಟೆಯನ್ನೂ ಕೈಯಿಂದ ಮುಟ್ಟಲಿಲ್ಲ. ಮೈಮೇಲೆ ಹಿಕ್ಕೆ ಬೀಳಬಾರದೆಂದು ತಲೆಗೆ ಒದ್ದೆ ಗೋಣಿಚೀಲ. ಆದರೂ ಬೀಳುತ್ತಿತ್ತು. ಕೊಳೆತ ಮೀನಿನ ಆ ನಾತಕ್ಕೆ ಅವನ ಹೆಂಡತಿ ದುಂಡಮ್ಮ ಅವನನ್ನು ಹೊಸ್ತಿಲೊಳಗೆ ಬಿಡದೆ, ಅಂಗಳದಲ್ಲೇ ನಾಲ್ಕು ಕೊಡ ನೀರು ಸುರಿದು, "ಕೊಕ್ಕರಿ ಕೂಡನೇ ಸಂಸಾರ ಮಾಡು ಹೋಗು" ಎಂದು ಬೈಯುತ್ತಿದ್ದಳಂತೆ.

ಅವನ ಲೆಕ್ಕವೆಲ್ಲ ಹಗ್ಗದಲ್ಲಿ. ಪ್ರತಿ ಮಳೆಗಾಲಕ್ಕೆ ಪುಂಡಿನಾರಿನ ಒಂದು ಹೊಸ ಹಗ್ಗ ಹೊಸೆಯುತ್ತಿದ್ದ. ಒಂದು ಗೂಡಿಗೆ ಒಂದು ಗಂಟು. ಆ ಗೂಡಿನಿಂದ ಮರಿ ಹಾರಿದರೆ, ಮರಿಗೊಂದರಂತೆ ಅದೇ ಗಂಟಿನ ಕೆಳಗೆ ನಾರಿನ ಒಂದು ಎಳೆ ಕಟ್ಟುತ್ತಿದ್ದ. ಹಾವೋ ಹದ್ದೋ ತಿಂದ ಗೂಡಿನ ಗಂಟಿಗೆ ಎಳೆ ಇಲ್ಲ. ಕೊನೆಯ ಮರಿ ಹಾರಿದ ಮೇಲೆ ಹಗ್ಗವನ್ನು ಸುರುಳಿ ಸುತ್ತಿ ಮನೆಯ ಜಂತಿಗೆ ತೂಗುಹಾಕುತ್ತಿದ್ದ.

ವರ್ಷಕ್ಕೆ ಎರಡು ಸಲ ಏಳೆಂಟು ಹರದಾರಿ ನಡೆದು ಕಲಬುರಗಿಗೆ ಬರುತ್ತಿದ್ದ. ಪಿತೃಪಕ್ಷದ ಹೊತ್ತಿಗೆ ಗೂಡಿನ ಎಣಿಕೆ, ಸಂಕ್ರಾಂತಿ ಕಳೆದ ಮೇಲೆ ಮರಿಗಳ ಎಣಿಕೆ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹಗ್ಗವನ್ನು ಬೆರಳಿನಲ್ಲಿ ಜಾರಿಸುತ್ತ ಹೇಳುತ್ತಿದ್ದ, ನಾನು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದೆ. ನನ್ನ ಹೆಂಡತಿ ತುಳಜಾಬಾಯಿ ಅವನಿಗೆ ಮಜ್ಜಿಗೆ ಕೊಡುವಳು. ಅವನು ಒಂದು ಚಿಪ್ಪು ಕೆಂಬಾಳೆ ಇಟ್ಟು ಹೋಗುವನು. ಒಂದು ಸಲ ನಾನು ತಮಾಷೆಗೆ ಕೇಳಿದೆ:

"ಮಲ್ಕಪ್ಪ, ಒಂದು ಗೂಡು ಹೆಚ್ಚೂಕಮ್ಮಿ ಆದ್ರ ಯಾರಿಗ ತಿಳೀತದೋ? ಇಷ್ಟ್ಯಾಕ ಒದ್ದಾಡ್ತಿ?"

ಅವನು ಗಾಬರಿಯಾಗಿ ನನ್ನ ಮುಖ ನೋಡಿದ. "ಹ್ಯಾಂಗಂತೀರಿ ರಾಯರ? ಕೊಕ್ಕರಿಗಿ ತಿಳೀತದಲ್ರೀ. ಅದರ ಮನಿ ಅಲ್ಲೇನ್ರೀ ಅದು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

ಈ ಎಣಿಕೆಗಾಗಿ ಅವನು ಊರನ್ನೇ ಎದುರು ಹಾಕಿಕೊಂಡ. ಗೂಡಿನಲ್ಲಿ ಮೊಟ್ಟೆಯಿರುವಾಗ ಕೆರೆದಂಡೆಯಲ್ಲಿ ಹಲಗಿ ಬಾರಿಸಬೇಡಿ ಎಂದು ಸ್ವಂತ ಷಡ್ಡಕನ ಮದುವೆ ಮೆರವಣಿಗೆಗೆ ಅಡ್ಡ ನಿಂತ. ಷಡ್ಡಕ ಆಮೇಲೆ ಅವನ ಮನೆಯ ಮೆಟ್ಟಿಲು ಹತ್ತಲಿಲ್ಲ. ಮರಿ ಕದಿಯಲು ಬಂದವರೊಡನೆ ಬಡಿದಾಡಿ ಎರಡು ಹಲ್ಲು ಕಳೆದುಕೊಂಡ. ಒಬ್ಬಳೇ ಮಗಳು ಹಣಮಮ್ಮ ಚೊಚ್ಚಲ ಬಾಣಂತನಕ್ಕೆ ಬಂದಾಗ ಅವಳಿಗೆ ನೋವು ಶುರುವಾದದ್ದು ಮರಿ ಹಾರುವ ದಿನಗಳಲ್ಲಿ. ಮೊಮ್ಮಗನ ಅಳು ಕೇಳಿ ಬಾಗಿಲಲ್ಲೇ ಇಣುಕಿ ನೋಡಿ, ಮತ್ತೆ ಹರಗೋಲಿಗೆ ಹೋದನಂತೆ. ದುಂಡಮ್ಮ ಇದನ್ನು ನನ್ನ ಹೆಂಡತಿಗೆ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇನ್ನು ನನ್ನ ಘನಕಾರ್ಯ ಹೇಳುತ್ತೇನೆ.

ನಮ್ಮ ಸರಕಾರದ ಫಸಲಿ ವರ್ಷ ಆಬಾನ್ ತಿಂಗಳಿಗೆ ಮುಗಿಯುತ್ತದೆ. ನವರಾತ್ರಿಯ ಆಸುಪಾಸಿಗೆ ಬರುವ ಆಜುರ್ ಒಂದಕ್ಕೆ ಹೊಸ ವರ್ಷ. ಆಬಾನ್ ಮುಗಿದ ದಿನ ದಫ್ತರಿನ ಎಲ್ಲ ಪುಸ್ತಕಗಳಲ್ಲೂ ಕೆಂಪು ಶಾಯಿಯ ಗೀಟು ಎಳೆದು ಮೊಹರು ಒತ್ತುತ್ತಿದ್ದೆವು. ಗೀಟಿನ ಮೇಲೆ ಆಮೇಲೆ ಒಂದಕ್ಷರ ಬರೆಯುವಂತಿಲ್ಲ. ನೀರಿನ ಲೆಕ್ಕ, ಕಲ್ಲಿನ ಲೆಕ್ಕ, ಕೂಲಿಯ ಲೆಕ್ಕ ಎಲ್ಲಕ್ಕೂ ಅದೇ ಪದ್ಧತಿ. ಕೊಕ್ಕರೆಗೂ ಅದನ್ನೇ ಹಾಕಿದೆ. ಹಕ್ಕಿಗಳು ಗೂಡು ಕಟ್ಟುವುದು ಗೀಟಿಗೆ ಮೊದಲು, ಮರಿ ಹಾರುವುದು ಗೀಟು ಎಳೆದು ಎರಡು ಮೂರು ತಿಂಗಳಾದ ಮೇಲೆ. ಹೀಗಾಗಿ ಗೂಡು ಹಿಂದಿನ ವರ್ಷದ ಪುಟದಲ್ಲಿ ಉಳಿಯಿತು, ಅದೇ ಗೂಡಿನ ಮರಿ ಮುಂದಿನ ವರ್ಷದ ಪುಟಕ್ಕೆ ಹೋಯಿತು. ಪುಸ್ತಕಕ್ಕೆ ಏರಿಸಿದ ಮೇಲೆ ಚೀಟಿಗಳನ್ನು ಹರಿದು ಬಿಸಾಕುವುದೂ ಪದ್ಧತಿಯೇ. ಹರಿದೆ.

ಮೊದಮೊದಲು ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮಳೆ ಸರಿಯಾಗಿ ಆದ ವರ್ಷಗಳಲ್ಲಿ ಅಂಕಿಗಳು ಹತ್ತಿರ ಹತ್ತಿರವೇ ಇರುತ್ತಿದ್ದವು. ಜಹೀರುದ್ದೀನ್ ಸಾಹೇಬರು ಪ್ರತಿ ಚಳಿಗಾಲ ತಾವೇ ಹೋಗಿ ಮಲ್ಕಪ್ಪನ ಹರಗೋಲಿನಲ್ಲಿ ಕೂತು ಎಣಿಸುತ್ತಿದ್ದರು, ಪುಸ್ತಕ ಕೇಳುತ್ತಿರಲಿಲ್ಲ. "ಕಿತಾಬು ನಿನ್ನ ಕೆಲಸ ಗೋಪಾಲರಾವ, ನನಗ ಹಕ್ಕಿ ಸಾಕು" ಎನ್ನುತ್ತಿದ್ದರು. ಹಾಗಿರುವಾಗ ಮುನ್ನೂರ ಇಪ್ಪತ್ತೇಳರಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಕೆರೆಯ ತಳ ಬಿರುಕು ಬಿಟ್ಟಿತು. ಒಂದೇ ಒಂದು ಕೊಕ್ಕರೆ ಗೂಡು ಕಟ್ಟಲಿಲ್ಲ. ಅದರ ಬೆನ್ನಿಗೇ ದೇಶದ ತುಂಬ ಹಬ್ಬಿದ ಜ್ವರದಲ್ಲಿ ಸಾಹೇಬರು ಎಂಟೇ ದಿನದಲ್ಲಿ ತೀರಿಹೋದರು.

ಆ ಆಬಾನಿನಲ್ಲಿ ಕೆಂಪು ಗೀಟು ಎಳೆಯಲು ಹೋದವನು ಪುಟವನ್ನು ಎರಡನೆಯ ಸಲ ಓದಿದೆ. ಆ ವರ್ಷದ ಪುಟದಲ್ಲಿ ಗೂಡು ಸೊನ್ನೆ, ಮರಿ ಇನ್ನೂರ ನಲವತ್ತು. ಮರಿಗಳು ಹಿಂದಿನ ಮಳೆಗಾಲದವು, ಸಂಕ್ರಾಂತಿಗೆ ಬರೆದದ್ದು. ಮುಂದಿನ ವರ್ಷ ಇದರ ತಿರುಗುಮುರುಗು: ಗೂಡು ನೂರ ಮೂವತ್ತೊಂದು, ಮರಿ ಸೊನ್ನೆ. ಹುಚ್ಚ ಬರೆದ ಲೆಕ್ಕದಂತಿತ್ತು. ತಪ್ಪು ನನ್ನದೆಂದು ಬರದ ವರ್ಷದ ಗೀಟು ಎಳೆದ ದಿನವೇ ನನಗೆ ತಿಳಿಯಿತು, ಚೆನ್ನಾಗಿಯೇ ತಿಳಿಯಿತು. ತಿದ್ದಬೇಕಾದರೆ ಹೈದರಾಬಾದಿಗೆ ಬರೆದು, ಎಂಟು ವರ್ಷ ತಪ್ಪು ಪುಟದಲ್ಲಿ ಬರೆದಿದ್ದೇನೆಂದು ಒಪ್ಪಿಕೊಳ್ಳಬೇಕಿತ್ತು. ಮೇಲಿನ ಮುನ್ಶಿಯ ಕುರ್ಚಿ ಕೆಲವು ವರ್ಷದಲ್ಲಿ ಖಾಲಿಯಾಗಲಿತ್ತು, ಆಗಲೇ ನನ್ನ ಹೆಸರು ಓಡಾಡುತ್ತಿತ್ತು. ಯಾರು ನೋಡುತ್ತಾರೆ ಕೊಕ್ಕರೆ ಪುಸ್ತಕ ಎಂದುಕೊಂಡು ಕಪಾಟಿನಲ್ಲಿಟ್ಟೆ. ಮುಂದಿನ ವರ್ಷಗಳಲ್ಲೂ ಹಾಗೆಯೇ ಬರೆಯುತ್ತ ಹೋದೆ. ಥೂ.

ನೋಡುವವನು ಮುನ್ನೂರ ಮೂವತ್ತೆರಡರಲ್ಲಿ ಬಂದ. ಹೊಸ ಸಾಹೇಬ, ಚುರುಕು ಮನುಷ್ಯ. ಗುತ್ತೇದಾರನ ಅರ್ಜಿ ಮತ್ತೆ ಬಂದಿತ್ತು. ಹಳೆಯ ಹುಕುಂ ಓದಿದ, ಎಣಿಕೆಯ ಪುಸ್ತಕ ತರಿಸಿದ, ಆ ಎರಡು ಪುಟಗಳನ್ನು ಬೆರಳಿನಿಂದ ತಟ್ಟಿ ನಕ್ಕ. ಕಮಲಾಪುರಕ್ಕೆ ಆಳು ಹೋಯಿತು. ಎರಡನೆಯ ದಿನ ಮಲ್ಕಪ್ಪ ಹನ್ನೆರಡೂ ಹಗ್ಗಗಳನ್ನು ಹೆಗಲಿಗೆ ಹಾಕಿಕೊಂಡು ದಫ್ತರಿಗೆ ಬಂದ. ಮುಂಡಾಸು ಹೊಸದಿತ್ತು. ಹನ್ನೆರಡು ವರ್ಷದ ಕೆಲಸವನ್ನು ಸರಕಾರ ನೋಡಲು ಕರೆದಿದೆ ಎಂದು ತಿಳಿದು ಬಂದಿದ್ದ. ಒಳಗೆ ಬರುವಾಗ ನನ್ನ ಕಡೆ ನೋಡಿ ಹಲ್ಲು ಬಿಟ್ಟು ನಕ್ಕ, ಇಲ್ಲದ ಎರಡು ಹಲ್ಲಿನ ಸಂದು ಕಂಡಿತು.

ಸಾಹೇಬ ಪುಸ್ತಕ ತೆರೆದ. "ಗೂಡು ಒಂದೂ ಇಲ್ಲ, ಮರಿ ಇನ್ನೂರ ನಲವತ್ತು. ಯೇ ಬಚ್ಚೇ ಆಸ್ಮಾನ್ ಸೇ ಗಿರೇ ಕ್ಯಾ?"

ಮರಿಗಳೇನು ಆಕಾಶದಿಂದ ಉದುರಿದವೇ ಎಂಬ ಆ ಮಾತಿಗೆ ದಫ್ತರೆಲ್ಲ ಗೊಳ್ಳೆಂದಿತು. ಮಲ್ಕಪ್ಪನಿಗೆ ತಿಳಿಯಲಿಲ್ಲ. ಯಾವ ವರ್ಷವೆಂದು ಕೇಳಿದ. ಬರದ ವರ್ಷವೆಂದು ಯಾರೋ ಹೇಳಿದರು. ಅವನು ಹಗ್ಗಗಳಲ್ಲಿ ಹುಡುಕಿ ಒಂದನ್ನು ತೆಗೆದು ಎರಡೂ ಕೈಯಲ್ಲಿ ಚಾಚಿದ. ಅದರಲ್ಲಿ ಒಂದು ಗಂಟೂ ಇರಲಿಲ್ಲ.

"ಆ ವರ್ಷ ಗೂಡೇ ಕಟ್ಟಿಲ್ರೀ ಸಾಹೇಬರ. ಮರಿ ಎಲ್ಲಿಂದ ಬರ್ತಾವ್ರಿ? ಇಗೋ ನೋಡ್ರಿ, ಬರೇ ಹಗ್ಗ ಅದ. ನೀವು ಅನ್ನಾಕತ್ತಿದ್ದು ಅದರ ಹಿಂದಿನ ಮಳಿಗಾಲದ್ದ್ರಿ. ಅದು ಈ ಹಗ್ಗ. ಎಳಿ ಎಣಿಸ್ರಿ ಬೇಕಾದ್ರ, ಇನ್ನೂರಾ ನಲವತ್ತೇ ಅದಾವ."

ಸತ್ಯ ಅಷ್ಟೇ ಇತ್ತು, ಅವನ ಎರಡು ಕೈಯಲ್ಲಿ. ಸಾಹೇಬನೂ ಒಂದು ಗಳಿಗೆ ನಗು ನಿಲ್ಲಿಸಿದ. ಹಗ್ಗ ನೋಡಿದ, ಪುಸ್ತಕ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಮುನ್ಶೀಜಿ, ಈ ರಸ್ಸಿ ಖರೇನೋ, ನಿಮ್ಮ ಕಿತಾಬು ಖರೇನೋ?"

ನನ್ನದೇ ತಪ್ಪು ಹುಜೂರ್, ಮರಿ ಮುಂದಿನ ಪುಟಕ್ಕೆ ಹೋಗಿವೆ ಎಂದು ಒಂದು ಮಾತು ಸಾಕಿತ್ತು. ಮರ ಉಳಿಯುತ್ತಿತ್ತು. ನನ್ನನ್ನೇನು ನೇಣಿಗೆ ಹಾಕುತ್ತಿದ್ದರೇ? ಬೈಯುತ್ತಿದ್ದರು, ಕುರ್ಚಿ ಕೈತಪ್ಪುತ್ತಿತ್ತು, ಅಷ್ಟೇ. ನಾನು ಟೋಪಿ ಸರಿಮಾಡಿಕೊಂಡು ಹೇಳಿದೆ:

"ಅವನು ಹೇಳಿದ್ದನ್ನೇ ಬರೆದಿದ್ದೇನೆ ಹುಜೂರ್."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ನೋಡಿ. ಇಷ್ಟು ಹೊಲಸು ಮಾತನ್ನು ನಾನು ಜನ್ಮದಲ್ಲಿ ಇನ್ನೊಂದು ಆಡಿಲ್ಲ.

ಮಲ್ಕಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹಗ್ಗವನ್ನು ತೊಡೆಯ ಮೇಲೆ ಹಾಕಿಕೊಂಡು ಮೊದಲ ಗಂಟಿನಿಂದ ಎಣಿಸತೊಡಗಿದ. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ತಪ್ಪಿತು. ಜವಾನರು ಕಿಸಕ್ಕೆಂದರು. ಕೊನೆಗೆ ಅವನು ತಲೆಯೆತ್ತಿ, "ರಾಯರು ಬರದಾರಂದ್ರ... ನಂದೇ ಎಲ್ಲೋ ತಪ್ಪ್ಯಾದ್ರೀ ಸಾಹೇಬರ" ಎಂದ.

ಸಾಹೇಬ ಪುಸ್ತಕ ಮುಚ್ಚಿದ. ಎಣಿಕೆ ಸುಳ್ಳು, ಹುಕುಂ ರದ್ದು, ಗುತ್ತೇದಾರನ ಅರ್ಜಿ ಮಂಜೂರು. ಆ ಮೂರು ಸಾಲನ್ನೂ ನನ್ನ ಮುತ್ತಿನಂಥ ಅಕ್ಷರದಲ್ಲಿ ನಾನೇ ಬರೆದೆ.

ತುಳಜಾಬಾಯಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಟ್ಟಳು. "ನಮ್ಮ ಕಟ್ಟಿ ಮ್ಯಾಲ ಕೂಡಿಸಿ ಮಜ್ಜಿಗಿ ಕುಡಿಸಿದ ಮನುಷ್ಯಾನ್ನ ಕುತ್ತಿಗಿ ಕೊಯ್ದು ಬಂದ್ರಲ್ರೀ. ಒಂದು ಮಾತು ಅಷ್ಟು ಭಾರ ಆತೇನು?" ನಾಳೆಯೇ ಸಾಹೇಬನಿಗೆ ಬರೆದು ಕೊಡುತ್ತೇನೆಂದೆ. ಬರೆದೆ ಕೂಡ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ದಫ್ತರಿಗೆ ಹೋಗಿ ಬಂದೆ. ಹದಿನಾರನೆಯ ದಿನ ಮೇಲಿನ ಮುನ್ಶಿಯ ಕುರ್ಚಿ ನನಗೆ ಬಂತು. ಮನೆಯಲ್ಲಿ ಹೆಂಡತಿ ದೇವರ ಮುಂದೆ ಸಕ್ಕರೆ ಕೂಡ ಇಡಲಿಲ್ಲ.

ಆ ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಕೊಡಲಿ ಬಿದ್ದವು. ಎಲ್ಲ ಮರ ಉರುಳಿಸಲು ಹತ್ತೊಂಬತ್ತು ದಿನ ಹಿಡಿಯಿತೆಂದು ಮೈಬೂಬ ಹೇಳಿದ. ಅವನ ಟಾಂಗಾ ಆ ದಾರಿಯಲ್ಲೇ ಓಡಾಡುತ್ತಿತ್ತು. ಮಳೆಗಾಲದ ಕೊನೆಗೆ ಕೊಕ್ಕರೆಗಳು ಬಂದವಂತೆ. ಎರಡು ದಿನ ಕೆರೆಯ ಮೇಲೆ ಸುತ್ತಿದವು, ಏರಿಯ ಮೇಲೆ ಸಾಲಾಗಿ ನಿಂತವು, ಮೂರನೆಯ ದಿನ ಇರಲಿಲ್ಲ. ಆ ಎರಡೂ ದಿನ ಮಲ್ಕಪ್ಪ ಮನೆಯಿಂದ ಹೊರಗೆ ಬರಲಿಲ್ಲವಂತೆ.

ನಾಲ್ಕು ವರ್ಷವಾದ ಮೇಲೆ, ತುಳಜಾಬಾಯಿಯ ಕಾಟ ತಡೆಯಲಾರದೆ, ಅಥವಾ ನನ್ನದೇ ಕಾಟ ತಡೆಯಲಾರದೆ ಅನ್ನಿ, ಕಮಲಾಪುರಕ್ಕೆ ಹೋದೆ. ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಅವನು ನನ್ನನ್ನು ಕಂಡದ್ದೇ ಎದ್ದು ಬಂದು ಕಾಲಿಗೆ ಬಿದ್ದ. ಕಂಬಳಿ ಹಾಸಿ ಕೂಡಿಸಿದ. ಕೆಂಬಾಳೆ ತರಿಸಿದ. ನಾನು ಬಾಯಿ ತೆಗೆಯುವ ಮೊದಲೇ ಅವನು ಕೈಮುಗಿದ.

"ರಾಯರ, ನನ್ನ ಸಂಬಂಧ ಸಾಹೇಬರ ಮುಂದ ನಿಮಗ ಮಾತು ಬಂತು. ತಪ್ಪ್ಯಾದ. ಹೊಟ್ಟಿಗಿ ಹಾಕೋರಿ."

ಆದರೂ ಹೇಳಿದೆ, ಒಂದೂ ಬಿಡದೆ ಹೇಳಿದೆ: ಆಬಾನ್, ಆಜುರ್, ಕೆಂಪು ಗೀಟು, ಹರಿದ ಚೀಟಿ, ಕುರ್ಚಿ. "ನಿನ್ನ ಹಗ್ಗ ಖರೇ ಇತ್ತು ಮಲ್ಕಪ್ಪ. ಹನ್ನೆರಡೂ ಖರೇ ಇದ್ದವು. ಸುಳ್ಳು ಬರ್ದಾಂವ ನಾನು."

ಅವನು ಕೊನೆಯ ತನಕ ಕೇಳಿದ. ಆಮೇಲೆ, ಮಕ್ಕಳಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ ಅಂದ: "ಬಿಡ್ರಿ ರಾಯರ. ನೀವು ದೊಡ್ಡವ್ರು, ನನ್ನ ಮನಸಿಗಿ ನೋವಾಗಬಾರ್ದಂತ ಹಿಂಗಂತೀರಿ. ಸರಕಾರದ ಪುಸ್ತಕದಾಗ ಬರದದ್ದು ಹ್ಯಾಂಗ ಸುಳ್ಳಾಗ್ತದ್ರಿ? ಹಗ್ಗ ಎಲ್ಲಾ ಒಲಿಗಿ ಹಾಕೀನ್ರಿ. ನನ್ನ ಎಣಿಕಿಂದ ಗಿಡ ಹೋದವು, ಕೊಕ್ಕರಿ ಮನಿ ಹೋತು. ಅದು ನನಗ ಗೊತ್ತದ."

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಆಣೆ ಮಾಡಿದೆ, ಕೈ ಹಿಡಿದುಕೊಂಡೆ. "ಇರಲಿ ಬಿಡ್ರಿ" ಎಂದು ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟ. ಒಲೆಯ ಮುಂದಿದ್ದ ದುಂಡಮ್ಮ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ನಂಬಿದಳು. ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿದಳು.

ಆ ನೋಟ ತಡೆಯಲಾರದೆ ಮಾತು ಬದಲಿಸಿದೆ. ಅಂಗಳದಲ್ಲಿ ಹಣಮಮ್ಮನ ಮಕ್ಕಳು ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದರು. "ಮೊಮ್ಮಕ್ಕಳು ಎಷ್ಟು ಮಂದಿ ಅದಾರ ಮಲ್ಕಪ್ಪ?" ಎಂದು ಕೇಳಿದೆ.

ಅವನು ಅಂಗಳದ ಕಡೆ ನೋಡಿದ. ಮೂವರೂ ಅವನ ಎದುರಿಗೇ ಕೂತಿದ್ದರು. ತುಟಿ ಅಲ್ಲಾಡಿತು, ಬೆರಳು ತೊಡೆಯ ಮೇಲೆ ಒಂದೆರಡು ಸಲ ಸರಿದು ನಿಂತಿತು. ಆಮೇಲೆ ತಲೆ ತಗ್ಗಿಸಿ ಹೆಂಡತಿಯನ್ನು ಕೂಗಿದ.

"ಏ ದುಂಡಮ್ಮ, ಹುಡುಗ್ರು ಎಷ್ಟ್ ಅದಾವ, ರಾಯರಿಗಿ ನೀನೇ ಹೇಳು. ನಾ ಹೇಳಿದ್ರ ತಪ್ಪಾಗ್ತದ."